ಮೊಮ್ಮಗಳ ರೆಗ್ಯುಲೇಟರೂ ನನ್ನ ಎಣ್ಣೆಗೈಯೂ

ನನ್ನ ಮೊಮ್ಮಗಳು, ಹೆಸರು ಗೋದಾವರಿ, ನೀರಿನಲ್ಲಿ ಮುಳುಗುವ ದೊಡ್ಡ ಪರೀಕ್ಷೆಯಲ್ಲಿ ಪಾಸಾಗಿದ್ದಾಳೆ! ಹಿಂದುಮುಂದಿನ ಕಥೆ ಆಮೇಲೆ ಹೇಳುತ್ತೇನೆ, ಮೊದಲು ಈ ಸುದ್ದಿ ನಿಮ್ಮ ಕಿವಿಗೆ ಬೀಳಲಿ. ಫೋನು ಬಂದ ದಿನ ನಾನು ಪೇಡೆಯ ಡಬ್ಬಿ ಹಿಡಿದು ವಾಳೂಜಿನ ನಮ್ಮ ಗಲ್ಲಿಯ ಈ ತುದಿಯಿಂದ ಆ ತುದಿಯವರೆಗೆ ಹೋದೆ. ಖುಷಿಯಲ್ಲಿ ತಲೆ ನಿಲ್ಲದೆ, ಬರುವಾಗ ಮತ್ತೆ ಅದೇ ಮನೆಗಳಿಗೆ ಕೊಟ್ಟುಕೊಂಡು ಬಂದೆನಂತೆ. ಎರಡನೇ ಸಲ ತೆಗೆದುಕೊಂಡವರು ಒಬ್ಬರೂ ಬಾಯಿ ಬಿಡಲಿಲ್ಲ. ಪಕ್ಕದ ಮನೆಯ ಹೆಣ್ಣುಮಗಳು ಶಿಂದೆ ಕಾಕು ಮಾತ್ರ ಪೇಡೆ ಬಾಯಿಗೆ ಹಾಕಿಕೊಂಡು, "ಮುಳುಗುವುದಕ್ಕೂ ಪರೀಕ್ಷೆ ಇಡುತ್ತಾರಾ ಆಜೋಬಾ? ನಮ್ಮ ಬಂಡೂ ಪರೀಕ್ಷೆಯಲ್ಲೇ ಮುಳುಗಿಬಂದ" ಎಂದು ಮರಾಠಿಯಲ್ಲಿ ಹೇಳಿ, ಮಗನ ಹತ್ತನೇ ಇಯತ್ತೆಯ ದುಃಖವನ್ನು ಪೇಡೆಯ ಜೊತೆಗೇ ನುಂಗಿದರು.

ನಾನು ಓದಿದ್ದು ಬೀಳಗಿ ಕಡೆಯ ಒಂದು ಹಳ್ಳಿಯಲ್ಲಿ, ನಾಲ್ಕನೇ ಇಯತ್ತೆಯವರೆಗೆ. ಅಲ್ಲಿಂದ ಮುಂದೆ ಕೈಗೆ ಬಂದದ್ದು ಕರಣಿ, ಗೋಡೆಗೆ ಸಿಮೆಂಟು ಮೆತ್ತುವ ಕರಣಿ. ನಾಶಿಕದಲ್ಲಿ ಬಹಳ ವರ್ಷ ಸೇತುವೆ ಕಟ್ಟಿದೆ, ಸಂಭಾಜಿನಗರಕ್ಕೆ ಬಂದು ವಾಳೂಜಿನ ಕಾರ್ಖಾನೆಗಳ ಗೋಡೆ ಎತ್ತಿದೆ, ಕೊನೆಗೆ ಅದೇ ಕಾರ್ಖಾನೆಗಳಲ್ಲೊಂದರಲ್ಲಿ ಮಗ ಮಲ್ಲಪ್ಪನಿಗೆ ಕೆಲಸ ಸಿಕ್ಕಿ ಇಲ್ಲೇ ಉಳಿದೆವು. ಈ ಬರವಣಿಗೆಯ ಸಾಲು ಅಲ್ಲಲ್ಲಿ ಸೊಟ್ಟಗಾಗಿದ್ದರೆ ಮಾಫಿ ಇರಲಿ. ಗೋಡೆಯಾಗಿದ್ದರೆ ತೂಗುಗುಂಡು ಬಿಟ್ಟು ನೋಡಬಹುದಿತ್ತು, ಕಾಗದದ ಮೇಲೆ ಗುಂಡು ಬಿಡುವುದು ಹೇಗೆಂದು ನನಗೆ ಯಾರೂ ಕಲಿಸಲಿಲ್ಲ.

ಗೋದಾವರಿ ಹುಟ್ಟಿದ್ದು ನಾಶಿಕದಲ್ಲಿ, ನದಿಯ ದಂಡೆಯ ತಗಡಿನ ಶೆಡ್ಡಿನಲ್ಲಿ. ಹೆಸರಿಟ್ಟವನು ನಾನೇ. ನದಿಯ ಹೆಸರಿಟ್ಟ ಮೇಲೆ ಹುಡುಗಿ ನೀರು ಬಿಟ್ಟು ಹೊರಗೆ ಬರುತ್ತಿಲ್ಲ ಎಂದು ಸೊಸೆ ಸುಜಾತಾ ದೂರಿದಾಗಲೆಲ್ಲ ಆ ತಪ್ಪು ನನ್ನ ತಲೆಗೇ ಬರುತ್ತದೆ. ಶಾಲೆಯಲ್ಲಿ ಈಜು ಕಲಿತಳು, ಕಾಲೇಜಿಗೆಂದು ಮತ್ತೆ ನಾಶಿಕಕ್ಕೆ ಹೋದವಳು ಅಲ್ಲಿ ನೀರಿನೊಳಗೆ ಇಳಿಯುವವರ ತಂಡ ಸೇರಿದಳು. ಧರಣದ, ಅಂದರೆ ಅಣೆಕಟ್ಟಿನ, ಬಾಗಿಲುಗಳು ನೀರಿನ ತಳದಲ್ಲಿ ಹೇಗಿವೆ, ಎಲ್ಲಿ ಸವೆದಿವೆ ಎಂದು ಇಳಿದು ನೋಡಿ ಬರುವುದು ಅವರ ಕೆಲಸ. ಈಗ ಪಾಸಾದದ್ದು 'ಟೆಕ್ನಿಕಲ್ ಡೈವಿಂಗ್' ಎಂಬುದರಲ್ಲಿ. ಸಾದಾ ಜನ ಸಮುದ್ರದಲ್ಲಿ ಇಳಿದು ಮೀನು ನೋಡಿ, ಬೇಸರ ಬಂದಾಗ ಮೇಲೆ ಬರುತ್ತಾರೆ. ಇವರಿಗೆ ಹಾಗಿಲ್ಲ. ಬಹಳ ಆಳಕ್ಕೆ ಹೋದವರು ಒಮ್ಮೆಗೇ ಮೇಲೆ ಬರುವಂತಿಲ್ಲ. ಬಂದರೆ ರಕ್ತದಲ್ಲಿ ಸೋಡಾದಂತೆ ಗುಳ್ಳೆ ಏಳುತ್ತವಂತೆ. ಹಾದಿಯಲ್ಲಿ ನಿಂತು ನಿಂತು, ಕೊನೆಗೆ ಮೇಲ್ಮಟ್ಟದ ಹತ್ತಿರ ಬೇರೊಂದು ಸಣ್ಣ ಸಿಲಿಂಡರಿನ ಶುದ್ಧ ಆಕ್ಸಿಜನ್ ಉಸಿರಾಡುತ್ತ ಕಾಯ್ದು, ಆಮೇಲೆ ತಲೆ ಹೊರಗೆ ಹಾಕಬೇಕು. ಇದನ್ನು ಕೇಳಿದಂದಿನಿಂದ ಸುಜಾತಾ ಸೋಡಾ ಕುಡಿಯುವುದನ್ನೇ ಬಿಟ್ಟಿದ್ದಾಳೆ.

ಪಾಸಾದ ಖುಷಿಗೆ ಗೋದಾವರಿಗೆ ಮುಳುಗಲು ಕಲಿಸಿದ ಸರ್ ತಮ್ಮ ಹತ್ತಿರದ ಎರಡು ರೆಗ್ಯುಲೇಟರ್ ಕೊಟ್ಟು, "ಎರಡನ್ನೂ ಮನೆಗೆ ಒಯ್ದು ನೋಡು, ಬೇಕಾದದ್ದೊಂದು ಇಟ್ಟುಕೋ, ಅದು ನಿನ್ನದು" ಎಂದರಂತೆ. ತಂಡದ ಜೀಪು ದೌಲತಾಬಾದ್ ಕಡೆ ಹೊರಟಿತ್ತು. ಶನಿವಾರ ಸಂಜೆ ಅವಳನ್ನೂ, ಎರಡು ರೆಗ್ಯುಲೇಟರನ್ನೂ, ಒಂದು ಗಾಳಿಯ ಸಿಲಿಂಡರನ್ನೂ ನಮ್ಮ ಬಾಗಿಲಿಗೆ ಇಳಿಸಿ ಹೋಯಿತು. ಸೋಮವಾರ ಬೆಳಿಗ್ಗೆ ಅದೇ ಜೀಪು ಬಂದು ಒಯ್ಯುವುದು, ಒಯ್ದು ಸೀದಾ ಧರಣಕ್ಕೆ. ತಂಡದವಳಾಗಿ ಅವಳ ಮೊದಲ ಆಳದ ಇಳಿತ ಅಂದೇ. ಅಂದರೆ ನಡುವಿನ ಒಂದು ಭಾನುವಾರದಲ್ಲಿ, ನನ್ನ ಮೊಮ್ಮಗಳು ಯಾವ ಸಾಮಾನನ್ನು ನಂಬಿ ಉಸಿರಾಡಬೇಕು ಎಂಬುದು ತೀರ್ಮಾನವಾಗಬೇಕು. ಇಷ್ಟು ದೊಡ್ಡ ಮಾತಿನಲ್ಲಿ ಮನೆಯ ಹಿರಿಯ ಸುಮ್ಮನಿರುವುದು ಹೇಗೆ? ನಾನು ಸುಮ್ಮನಿರಲಿಲ್ಲ.

ರೆಗ್ಯುಲೇಟರ್ ಎಂದರೆ ಅಡುಗೆ ಗ್ಯಾಸಿನ ಸಿಲಿಂಡರಿನ ತಲೆಯ ಮೇಲೆ ಕೂರುತ್ತದಲ್ಲ, ಅದರ ದೊಡ್ಡಣ್ಣ. ಸಿಲಿಂಡರಿನಲ್ಲಿ ಗಾಳಿಯನ್ನು ಒತ್ತಿ ಒತ್ತಿ ತುಂಬಿರುತ್ತಾರೆ. ಅದನ್ನು ಹಾಗೆಯೇ ಬಾಯಿಗೆ ಬಿಟ್ಟರೆ ಎದೆ ಒಡೆದೀತು. ಈ ಸಾಮಾನು ಅದರ ಸೊಕ್ಕು ಮುರಿದು, ನಾವು ಎಳೆದಷ್ಟೇ ಬಾಯಿಗೆ ಕೊಡುತ್ತದೆ. ಗೋದಾವರಿ ಎರಡನ್ನೂ ಹಾಸಿಗೆಯ ಮೇಲಿಟ್ಟು ಪಾಠ ಶುರುಮಾಡಿದಳು. ಅವಳ ಕನ್ನಡ ಅರ್ಧ ಮರಾಠಿ, ಆದರೂ ನನಗೆ ಅದರಷ್ಟು ಸಿಹಿ ಕನ್ನಡ ಬೇರೆ ಇಲ್ಲ.

"ಅಜ್ಜಾ, ಹೇ ಬಘ್, ನೋಡಿಲ್ಲಿ. ಇದು ಬ್ಯಾಲೆನ್ಸ್ಡ್. ಇದು ಅನ್‌ಬ್ಯಾಲೆನ್ಸ್ಡ್."

"ಅನ್‌ಬ್ಯಾಲೆನ್ಸ್ಡ್ ಅಂತ ತಾವ ಹೆಸರಿಟ್ಟು ಮಾರ್ತಾರೇನವಾ? ನಾ ಸೊಟ್ಟ ಗೋಡಿ ಕಟ್ಟಿ, ಇದು ಸೊಟ್ಟ ಗೋಡಿ ಅಂತ ಬರದಿಟ್ರ ಮಾಲಕ ರೊಕ್ಕಾ ಕೊಡ್ತಿದ್ದನೇನು?"

"ತಸ ನಾಹೀ, ಹಂಗಲ್ಲ ಅಜ್ಜಾ. ಇದ್ರಾಗ ಸಿಲಿಂಡರಿನ ಜೋರು ಸೀದಾ ಒಳಗಿನ ವಾಲ್ವ್ ಮ್ಯಾಲೆ ಬೀಳ್ತದ. ಸಿಲಿಂಡರ್ ಖಾಲಿ ಹೋತ ಹೋತ ಜೋರು ಕಮ್ಮಿ, ಆಮ್ಯಾಲೆ ಶ್ವಾಸ ಜಡ ಆಗ್ತದ. ಬ್ಯಾಲೆನ್ಸ್ಡ್‌ದಾಗ ಹಂಗ ಇಲ್ಲ, ಕೊನೇತನಕ ಸೇಮ್."

ಮಾತಿನಲ್ಲಿ ತಿಳಿಯದ್ದು ಬಾಯಿಗೆ ಹಾಕಿದರೆ ತಿಳಿದೀತೆಂದು ಭಾನುವಾರ ಬೆಳಿಗ್ಗೆ ನಾನೇ ಉಸಿರಾಡಿ ನೋಡುವುದೆಂದಾಯಿತು. ಮಂಚದ ಪಕ್ಕ ಸಿಲಿಂಡರ್, ಮಂಚದ ಮೇಲೆ ನಾನು. ಬಾಯಿಗಿಡುವ ರಬ್ಬರನ್ನು ಹಲ್ಲಿನಿಂದ ಕಚ್ಚಿ ಹಿಡಿಯಬೇಕು. ನನ್ನ ಹಲ್ಲುಗಳೋ ಕಟ್ಟಿಸಿದವು. ರಬ್ಬರು ಕಚ್ಚಿದೊಡನೆ ಮೇಲಿನ ಸಾಲು ಕಳಚಿ ರೆಗ್ಯುಲೇಟರಿನ ಜೊತೆಗೇ ಹೊರಗೆ ಬಂದಿತು. ಮೊಮ್ಮಗಳು ನಗುತ್ತ ನೆಲಕ್ಕೆ ಕುಳಿತಳು. ಹಲ್ಲನ್ನು ಲೋಟದಲ್ಲಿಟ್ಟು ಬರಿಯ ವಸಡಿನಿಂದಲೇ ಹಿಡಿದೆ. ನನ್ನ ಹೆಂಡತಿ ನೀಲವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಹಲ್ಲಿಲ್ಲದ ಮೊಸಳಿ ಕಂಡಂಗ ಕಾಣ್ತೀರಿ ನೋಡ್ರಿ" ಎಂದಳು. ಉತ್ತರ ಕೊಡೋಣವೆಂದರೆ ಬಾಯಿ ತುಂಬ ರಬ್ಬರು. ಮದುವೆಯಾದಂದಿನಿಂದ ಅವಳು ಕಾಯುತ್ತಿದ್ದ ಅವಕಾಶ ಅದು. ನಾನು ಮಾತಾಡಲಾಗದಷ್ಟು ಹೊತ್ತೂ ಅವಳು ಮಾತಾಡಿದಳು.

ಸಿಲಿಂಡರ್ ತುಂಬಿದ್ದಾಗ ಎರಡೂ ಒಂದೇ. ಎಳೆದರೆ ಗಾಳಿ, ಬಿಟ್ಟರೆ ಸುಂಯ್. "ಏನೂ ಫರಕಿಲ್ಲ, ಎರಡೂ ಬ್ಯಾಲೆನ್ಸ್ ಅದಾವು" ಎಂದೆ. ಆಗ ಹುಡುಗಿ ಗಾಳಿಯನ್ನು ಹೊರಗೆ ಬಿಟ್ಟು ಬಿಟ್ಟು ಸಿಲಿಂಡರನ್ನು ಖಾಲಿಯ ಹತ್ತಿರ ತಂದು, ಮತ್ತೆ ನನ್ನ ಬಾಯಿಗಿಟ್ಟಳು. ಬ್ಯಾಲೆನ್ಸ್ಡ್ ಮೊದಲಿನ ಹಾಗೆಯೇ ಇತ್ತು, ಏನೂ ಆಗಿಲ್ಲವೆಂಬಂತೆ. ಅನ್‌ಬ್ಯಾಲೆನ್ಸ್ಡ್ ಮಾತ್ರ ಬಿಗಿಯಾಗಿತ್ತು. ನಾವು ಗೋಡೆಯ ಮಟ್ಟ ನೋಡಲು ಉದ್ದನೆಯ ಪಾರದರ್ಶಕ ಪೈಪಿನಲ್ಲಿ ನೀರು ತುಂಬುತ್ತಿದ್ದೆವು. ಒಂದು ತುದಿಗೆ ಬಾಯಿಟ್ಟು ಎಳೆಯುವಾಗ ನಡುವೆ ಎಲ್ಲೋ ಪೈಪು ಮಡಚಿದ್ದರೆ ಕೆನ್ನೆ ಒಳಗೆ ಹೋಗುತ್ತಿತ್ತಲ್ಲ, ಹಾಗೆ. ಆ ಬಿಗಿ ಕೆನ್ನೆಗೆ ತಾಗಿದ್ದೇ ತಡ, ನಾನು ನಾಶಿಕಕ್ಕೆ ಹೋಗಿಬಿಟ್ಟೆ.

ಆಗ ನನ್ನ ಮೀಸೆ ಕಪ್ಪಗಿತ್ತು. ನದಿಯ ನಡುವೆ ಸೇತುವೆಯ ಕಂಬಕ್ಕೆ ಬುನಾದಿ ತೆಗೆಯುತ್ತಿದ್ದೆವು. ಕಾಂಕ್ರೀಟಿನ ದೊಡ್ಡ ಬಳೆಯಂಥ ಬಾವಿ, ಒಳಗೆ ಇಳಿದು ಕೆಸರು ತೋಡಿದಷ್ಟೂ ಅದು ತನ್ನ ಭಾರಕ್ಕೆ ತಾನೇ ಕೆಳಗೆ ಕೂರುತ್ತಿತ್ತು. ನಮ್ಮ ಮೇಸ್ತ್ರಿ ಹನಮಂತಪ್ಪ, ಇಂಡಿ ಕಡೆಯ ಮನುಷ್ಯ, ಕಂದೀಲು ಇಲ್ಲದೆ ಯಾರನ್ನೂ ಇಳಿಯಗೊಡುತ್ತಿರಲಿಲ್ಲ. ಮೊದಲು ಹಗ್ಗಕ್ಕೆ ಕಟ್ಟಿದ ಕಂದೀಲು ಇಳಿಯಬೇಕು, ಅದರ ಹಿಂದೆ ನಾವು. ಗಾಳಿ ಕೆಟ್ಟಿದ್ದರೆ ದೀಪ ಸಣ್ಣಗಾಗುತ್ತದೆ. ದೀಪ ಸಣ್ಣಗಾಯಿತೋ, ಗುದ್ದಲಿ ಅಲ್ಲೇ ಬಿಟ್ಟು ಏಣಿ ಹತ್ತಬೇಕು. "ದೀಪ ನಿಮಗ ಬೆಳಕ ಕೊಡಾಕ ಅಲ್ಲಲೇ, ನಿಮ್ಮ ಹೇಣ್ತೇರಿಗೆ ಗಂಡನ್ನ ಉಳಿಸಿಕೊಡಾಕ" ಎಂದು ಬಯ್ಯುತ್ತಿದ್ದ. ಮಧ್ಯಾಹ್ನ ಮೇಲೆ ಬಂದರೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ನೀಲವ್ವ ಬುಟ್ಟಿ ಹೊರುವುದನ್ನು ಬಿಟ್ಟು ರೊಟ್ಟಿಯ ಗಂಟು ಬಿಚ್ಚುತ್ತಿದ್ದಳು, ಮಗ ಮಲ್ಲ್ಯಾ ಜಾಲಿಗಿಡಕ್ಕೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ನಿದ್ದೆ ಮಾಡುತ್ತಿದ್ದ. ಅಂದು ನದಿಯ ಗಾಳಿಯಲ್ಲಿ ತಿಂದ ಉಳ್ಳಾಗಡ್ಡಿ ಖಾರದ ರುಚಿ ಆಮೇಲೆ ಎಷ್ಟು ಹೋಟೆಲು ಕಟ್ಟಿಕೊಟ್ಟು ಅಲ್ಲಿ ಉಂಡರೂ ಸಿಗಲಿಲ್ಲ.

ಹೀಗೆ ಯೋಚಿಸಿ, ರಬ್ಬರು ತೆಗೆದು, ಹಲ್ಲು ಹಾಕಿಕೊಂಡು ತೀರ್ಪು ಕೊಟ್ಟೆ: "ಇದ ಚಲೋ. ಬಿಗಿ ಆಗೂದು. ಗಾಳಿ ಮುಗೀಲಿಕ್ಹತ್ತೈತಿ ಅಂತ ನಮ್ಮ ಬಾವ್ಯಾಗಿನ ಕಂದೀಲಿನಂಗ ಹೇಳ್ತೈತಿ. ಆ ಇನ್ನೊಂದು ಕೊನೀತನಕ ನಗ್‌ನಗ್ತಾ ಇದ್ದು ಒಮ್ಮೆಗೇ ಕೈ ಕೊಡ್ತೈತಿ. ಹಂಗ ಸಿಹಿ ಮಾತಾಡೂ ಗುತ್ತಿಗೆದಾರರನ್ನ ನಾ ಭಾಳ ಮಂದಿ ನೋಡೀನಿ."

ಗೋದಾವರಿ ನನ್ನ ಪಕ್ಕ ಬಂದು ಕುಳಿತಳು. "ಅಜ್ಜಾ, ನೀ ಹೇಳೂದು ಖರೆ. ಇದು ಸಾದಾ, ಒಳಗ ಪಾರ್ಟ್ಸ್ ಕಮ್ಮಿ, ಮಜಬೂತ್. ಆದ್ರ ಆಳದಾಗ ಗಾಳೀನ ದಪ್ಪ ಆಗ್ತದ. ಒಂದ್ ಶ್ವಾಸಕ್ಕ ಭಾಳ ಗಾಳಿ ಲಾಗ್ತದ. ಅಲ್ಲೇ ಕೆಲಸ ಮಾಡೂ ವ್ಯಾಳ್ಯಾದಾಗ ಇದು ಬಿಗಿ ಆದ್ರ ದಮ್ಮು ಹತ್ತತದ. ದಮ್ಮು ಹತ್ತಿದ್ರ ಡೋಕ ಕೆಡ್ತದ." ಡೋಕ ಎಂದರೆ ತಲೆ. ಆಳದಲ್ಲಿ ಕೆಡಬಾರದ ಮೊದಲ ಸಾಮಾನು ಅದೇ ಎಂದಳು.

"ಮತ್ತ ಗಾಳಿ ಮುಗಿಯೂದು ನಿನಗ ತಿಳಿಯೂದು ಹ್ಯಾಂಗ?" ಎಂದು ನಾನು ಗೆದ್ದವನಂತೆ ಕೇಳಿದೆ.

ಅವಳು ರೆಗ್ಯುಲೇಟರಿನಿಂದ ಹೊರಟ ಇನ್ನೊಂದು ಕೊಳವೆಯ ತುದಿಯ ದುಂಡನೆಯ ಡಬ್ಬಿಯನ್ನು ಎತ್ತಿ ತೋರಿಸಿದಳು. ಅದರಲ್ಲಿ ಮುಳ್ಳಿತ್ತು. ಬೆಳಗಿನಿಂದ ಅದು ನನ್ನ ತೊಡೆಯ ಮೇಲೆಯೇ ಬಿದ್ದಿತ್ತು. ನಾನು ಅದನ್ನು ಗಡಿಯಾರವೆಂದು ತಿಳಿದು, ಹುಡುಗಿಯ ಗಡಿಯಾರ ತಪ್ಪು ವೇಳೆ ತೋರಿಸುತ್ತಿದೆಯಲ್ಲ ಎಂದು ಮನಸ್ಸಿನಲ್ಲೇ ಮರುಗಿದ್ದೆ. ಎಷ್ಟು ಗಾಳಿ ಉಳಿದಿದೆ ಎಂಬುದನ್ನು ಆ ಮುಳ್ಳು ಹೇಳುತ್ತದಂತೆ. "ಮತ್ತ ನನ್ನ ಪಾರ್ಟನರ್ ಬಾಜೂಕ ಇರ್ತಾಳ ಅಜ್ಜಾ. ನಂದು ಅವಳು ನೋಡ್ತಾಳ, ಅವಳ್ದು ನಾ ನೋಡ್ತೇನ."

ನೀಲವ್ವನಿಗೆ ಇಷ್ಟು ಸಾಕಾಗಿತ್ತು. "ಕಂದೀಲು ಕಂದೀಲು ಅಂತ ದೊಡ್ಡದ ಮಾಡಿ ಹೇಳ್ತಾರ. ನಿಮ್ಮ ಕಂದೀಲು ಒಂದ ದಿನಾರ ಸಣ್ಣದಾಗಿತ್ತೇನ್ರಿ? ಬಾವಿ ಕಟ್ಟಿ ಮ್ಯಾಲ ನಿಂತು 'ಅದೀರೇನ್ರೀ' ಅಂತ ಒದರಿ ಒದರಿ ಗಂಟ್ಲ ಹರಕೊಂಡಾಕಿ ನಾನು. ಆಕಿಗೂ ಬಾಜೂಕ ಒಬ್ಬಾಕಿ ಇರ್ತಾಳಂತ, ಮುಗೀತಲ್ಲ. ಉಸಿರಾಡೂ ಸಾಮಾನು ಉಸಿರಾಡಾಕಿ ಆರಿಸ್ಲಿ ಬಿಡ್ರಿ."

ಗೋಧಿಯ ಹುಗ್ಗಿಗೆ ಗೋಧಿ ಕೇರುತ್ತಿದ್ದ ಸೊಸೆ ಸುಜಾತಾ ಮಾತ್ರ ಕೇರುತ್ತಲೇ ಇದ್ದಳು. ಮೊರದಲ್ಲಿ ಕಲ್ಲು ಮುಗಿದು ಬಹಳ ಹೊತ್ತಾಗಿತ್ತು. ನನ್ನ ಮುಖ ಸಣ್ಣದಾದದ್ದನ್ನು ನೋಡಿ ಗೋದಾವರಿ, "ಬರ್ ಬರ್, ಆತು ಬಿಡು, ಸಂಜೀಕ ಠರಾಯಿಸೂಣು" ಎಂದಳು. ಆಮೇಲೆ ಅವ್ವನ ಮನಸ್ಸು ಬೇರೆ ಕಡೆ ತಿರುಗಿಸಲು ಅವಳನ್ನೂ ಅಜ್ಜಿಯನ್ನೂ ಕರೆದುಕೊಂಡು ಬಜಾರಕ್ಕೆ ಹೊರಟಳು. ಮಲ್ಲಪ್ಪ ಪಾಳಿಗೆ ಹೋಗಿದ್ದ. ಮನೆಯಲ್ಲಿ ಉಳಿದವರು ನಾನು ಮತ್ತು ಎರಡು ರೆಗ್ಯುಲೇಟರ್.

ಸಂಜೆಯವರೆಗೆ ಸಮಯವಿದೆ ಎಂದರೆ ಪ್ರಚಾರಕ್ಕೆ ಸಮಯವಿದೆ ಎಂದೇ ಅರ್ಥ. ನನ್ನ ಕಡೆಯದು ನೋಡಲು ಸ್ವಲ್ಪ ಹಳತು, ಮೈಮೇಲೆ ಗೀರುಗಳು. ಇನ್ನೊಂದು ಮದುಮಗನಂತೆ ಮಿರಿಮಿರಿ ಮಿಂಚುತ್ತಿತ್ತು. ಹುಡುಗರು ಮಿಂಚಿಗೇ ಬೀಳುತ್ತಾರೆ, ಇದನ್ನೂ ಮಿಂಚಿಸೋಣ ಎಂದುಕೊಂಡೆ. ಹನಮಂತಪ್ಪ ಮೇಸ್ತ್ರಿ ನಮಗೆ ಕಲಿಸಿದ ಮೊದಲ ಪಾಠವೆಂದರೆ ಕೆಲಸ ಬಿಟ್ಟ ಮೇಲೆ ಸಾಮಾನು ತೊಳೆದು ಒರೆಸಿ ಎಣ್ಣೆ ಸವರುವುದು. ಕರಣಿಗೆ ಎಣ್ಣೆ, ಗುದ್ದಲಿಗೆ ಎಣ್ಣೆ, ತೂಗುಗುಂಡಿಗೆ ಎಣ್ಣೆ. ಎಣ್ಣೆ ಕಾಣದ ಕರಣಿ ಕಂಡರೆ ಅದನ್ನು ಕೆಸರಿಗೆ ಎಸೆದು, ಹೋಗಿ ತೆಗೆದುಕೊಂಡು ಬಾ ಎನ್ನುತ್ತಿದ್ದ. ಸಂಜೆ ಶೆಡ್ಡಿನ ಮುಂದೆ ಸಾಲಾಗಿ ಕುಳಿತು ಸಾಮಾನಿಗೆ ಎಣ್ಣೆ ಹಚ್ಚುತ್ತ ಊರ ಕಡೆಯ ಮಾತಾಡುತ್ತಿದ್ದ ಆ ಗಳಿಗೆಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿವೆ. ನಮ್ಮ ಕೈಗೂ ಎಣ್ಣೆ ಹತ್ತಿ, ಇಡೀ ದಿನ ಸಿಮೆಂಟು ತಿಂದ ಬೆರಳಿನ ಬಿರುಕುಗಳು ಸ್ವಲ್ಪ ತಣ್ಣಗಾಗುತ್ತಿದ್ದವು. ಸಾಮಾನಿನ ಮೇಲಿನ ಪ್ರೀತಿಯನ್ನು ತೋರಿಸಲು ನನಗೆ ಗೊತ್ತಿರುವುದು ಅದೊಂದೇ ದಾರಿ.

ಹೊಲಿಗೆ ಮಿಶಿನ್ನಿನ ಎಣ್ಣೆಯ ಬುಡ್ಡಿ ತಂದೆ. ಹಳೆಯ ಬನಿಯನ್ನಿನ ತುಂಡಿನಿಂದ ಮೈಯೆಲ್ಲ ಸವರಿದೆ. ಸಿಲಿಂಡರಿಗೆ ತಿರುಗಿಸಿ ಕೂರಿಸುವ ಬಾಯಿಯ ಮೇಲೆ ಧೂಳು ಹೋಗದಂತೆ ಮುಚ್ಚಳವಿತ್ತು. ಅದನ್ನೂ ತೆಗೆದು, ಒಳಗೆ ಸಲೀಸಾಗಿ ಆಡಲಿ ಎಂದು ಚೆನ್ನಾಗಿ ಹನಿ ಬಿಟ್ಟೆ. ಇನ್ನೊಂದಕ್ಕೆ ಹಚ್ಚಲಿಲ್ಲ. ಎದುರು ಪಕ್ಷದವನಿಗೆ ನಾನೇಕೆ ಎಣ್ಣೆ ಹಚ್ಚಲಿ? ಅದನ್ನು ಮುಟ್ಟಲೂ ಇಲ್ಲ.

ಬಜಾರದಿಂದ ಬಂದ ಗೋದಾವರಿ ಬಾಗಿಲಲ್ಲೇ ಮೂಗೆತ್ತಿದಳು. "ಹಾ ವಾಸ ಕಸಲಾ?" ಎಂದು ವಾಸನೆ ಹಿಡಿದು ಒಳಗೆ ಬಂದಳು, ಹಾಸಿಗೆ ನೋಡಿದಳು, ಬುಡ್ಡಿ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು. ನಾನು ಹೆಮ್ಮೆಯಿಂದ, "ಹ್ಯಾಂಗ ಮಿಂಚ್ತೈತಿ ನೋಡು" ಎಂದೆ. ಅವಳ ಮುಖದ ಬಣ್ಣ ಹೋಯಿತು. ಕೈಯಲ್ಲಿನ ಚೀಲವನ್ನು ನೆಲಕ್ಕೆ ಇಳಿಸಿ, ಮೆಲ್ಲಗೆ, "ಅಜ್ಜಾ, ಎಣ್ಣೆ ಒಳಗೂ ಹಾಕೀಯಾ?" ಎಂದು ಕೇಳಿದಳು. ಹಾಕಿದ್ದೇನೆ, ಜಿಪುಣತನ ಮಾಡಿಲ್ಲ ಎಂದೆ.

ಆಗ ತಿಳಿದದ್ದು ಇಷ್ಟು. ಸರ್ ಎರಡನ್ನೂ ಬಿಚ್ಚಿ, ಜಿಡ್ಡಿನ ಹೆಸರಿಲ್ಲದಂತೆ ತೊಳೆದು, ಆಕ್ಸಿಜನ್ನಿಗೂ ನಡೆಯುವಂತೆ ತಯಾರು ಮಾಡಿದ್ದರು. ಶುದ್ಧ ಆಕ್ಸಿಜನ್ ಜೋರಿನಿಂದ ನುಗ್ಗುವ ಜಾಗದಲ್ಲಿ ಇಂಥ ಎಣ್ಣೆಯ ಒಂದು ಹನಿ ಇದ್ದರೂ ಸಾಕು, ಬೆಂಕಿಕಡ್ಡಿ ಇಲ್ಲದೆ ಬೆಂಕಿ ಹತ್ತಬಹುದು. ಸುಜಾತಾಳ ಕೈ ಬಾಯಿಗೆ ಹೋಯಿತು. ನಾನು ಮಂಚದ ಮೇಲೆ ಕುಳಿತು ಕಣ್ಣೊರೆಸಿಕೊಂಡೆ. ಮೊಮ್ಮಗಳ ಉಸಿರು ಕಾಯಬೇಕೆಂದು ಬೆಳಗಿನಿಂದ ಭಾಷಣ ಮಾಡಿದವನು ನಾನು. ಹನಮಂತಪ್ಪನ ಪಾಠವನ್ನು ಇಷ್ಟು ವರ್ಷ ತಪ್ಪದೆ ಪಾಲಿಸಿದವನು ಇಂದೊಂದು ದಿನ ಮರೆತಿದ್ದರೆ ಎಷ್ಟು ಚೆನ್ನಾಗಿತ್ತು!

"ಅಳಬ್ಯಾಡ ಅಜ್ಜಾ, ಮುಗಿಯೂ ಹಂಗ ಏನೂ ಆಗಿಲ್ಲ" ಎಂದು ಗೋದಾವರಿ ಸರ್‌ಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಇಟ್ಟಳು. ಸರ್ ಪೂರ್ತಿ ಕೇಳಿ, "ಎರಡಕ್ಕೂ ಹಚ್ಚಿದರಾ?" ಎಂದರು ಮರಾಠಿಯಲ್ಲಿ.

"ಇಲ್ಲ ಸರ್, ಸಾದಾ ಇದೆಯಲ್ಲ, ಅದೊಂದಕ್ಕೇ."

"ಅದೊಂದಕ್ಕೇ ಯಾಕೆ?"

ಹುಡುಗಿ ನನ್ನ ಮುಖ ನೋಡಿದಳು. ನಾನು ಮರಾಠಿಯಲ್ಲಿ, "ಅದು ನನ್ನ ಪಕ್ಷದ್ದು ಸರ್" ಎಂದೆ. ಆ ಕಡೆಯಿಂದ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಸರ್ ಹೇಳಿದರು: ಅದರ ಒಳಗೆ ತುಣುಕುಗಳು ಕಡಿಮೆ, ಪೂರ್ತಿ ಬಿಚ್ಚಿ ತೊಳೆದು ಮತ್ತೆ ತಯಾರು ಮಾಡೋಣ, ಆದರೆ ಸೋಮವಾರಕ್ಕೆ ಆಗುವುದಿಲ್ಲ. ತೊಳೆದ ಮೇಲೆ ಮೇಲ್ಮಟ್ಟದಲ್ಲಿ ಕಾಯುವಾಗಿನ ಆಕ್ಸಿಜನ್ ಸಿಲಿಂಡರಿಗೆ ಅದು ಒಳ್ಳೆಯ ಸಾಮಾನು, ಅಲ್ಲಿ ಆಳವಿಲ್ಲ, ಅದರ ಬಿಗಿ ಅಷ್ಟಾಗಿ ಕಾಡುವುದಿಲ್ಲ. ಕೆಳಗಿನ ಆಳಕ್ಕೆ ಬ್ಯಾಲೆನ್ಸ್ಡ್ ಒಯ್ಯಲಿ. "ನಾನೂ ಅದನ್ನೇ ಹೇಳಬೇಕೆಂದಿದ್ದೆ, ಅವಳೇ ಆರಿಸಲಿ ಎಂದು ಸುಮ್ಮನಿದ್ದೆ. ಆಜೋಬಾಗೆ ನನ್ನ ನಮಸ್ಕಾರ ಹೇಳು. ಬುಡ್ಡಿಯನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕು."

ಫೋನು ಇಟ್ಟ ಮೇಲೆ ಸುಜಾತಾ ಮೊದಲ ಸಲ ಬಾಯಿ ತೆರೆದಳು. ನನಗೆ ಬಯ್ಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಮಗಳನ್ನು ಕೇಳಿದಳು: "ಒಂದ ಹನಿ ಎಣ್ಣಿ ವಾಸನಿ ನಿನಗ ಬಾಗಲದಾಗ ಹ್ಯಾಂಗ ತಿಳೀತ?"

"ಅದs ಕಲಿಸ್ತಾರ ಮಮ್ಮಿ. ನೀರಿಗೆ ಇಳಿಯೂ ಮೊದಲ ಎಲ್ಲಾ ಬಾರೀಕ ನೋಡೂದು. ಮೂಗ್ನಿಂದನೂ."

ಸುಜಾತಾ ಮಗಳನ್ನು ಒಂದು ಗಳಿಗೆ ನೋಡಿದಳು. "ಹಾಂಗಾದ್ರ ಹೋಗಿ ಬಾ" ಎಂದು ಹೇಳಿ ಹುಗ್ಗಿಗೆ ಎಸರಿಡಲು ಒಳಗೆ ಹೋದಳು. ಹೀಗೆ ನನ್ನ ಎರಡು ದಿನದ ಮಾತಿನಿಂದ ಹೋಗದ ಸೊಸೆಯ ಅಂಜಿಕೆ ಅರ್ಧ ಬುಡ್ಡಿ ಎಣ್ಣೆಯಿಂದ ಹೋಯಿತು ಎಂದು ನಾನು ಮೆಲ್ಲಗೆ ಹೇಳಿ ನೋಡಿದೆ. ಯಾರೂ ಒಪ್ಪಲಿಲ್ಲ.

ಸಂಜೆ ಮಲ್ಲಪ್ಪ ಪಾಳಿ ಮುಗಿಸಿ ಬಂದ. ಎಲ್ಲರೂ ನೆಲದ ಮೇಲೆ ಸುತ್ತಾಗಿ ಕುಳಿತೆವು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ತುಪ್ಪ ತೇಲುವ ಗೋಧಿ ಹುಗ್ಗಿ. ಸುಜಾತಾ ಮಗಳ ತಾಟಿಗೆ ಕೇಳದೆ ಬಡಿಸುತ್ತಿದ್ದಳು, ಗೋದಾವರಿ ಬೇಡ ಬೇಡವೆನ್ನುತ್ತ ಉಣ್ಣುತ್ತಿದ್ದಳು. ನೀಲವ್ವ ತನ್ನ ತಾಟಿನ ಹುಗ್ಗಿಯಲ್ಲಿ ಅರ್ಧವನ್ನು ನನಗೆ ನೂಕಿದಳು. ಅವಳ ಸಿಟ್ಟು ಇಳಿದದ್ದನ್ನು ತಿಳಿಯಲು ನನಗೆ ಯಾವ ಮುಳ್ಳೂ ಬೇಕಿಲ್ಲ. ಬೆಳಗಿನ ಗಲಾಟೆಯ ತುದಿಬುಡ ತಿಳಿಯದ ಮಲ್ಲಪ್ಪ ರೊಟ್ಟಿ ಮುರಿಯುತ್ತ ಕೇಳಿದ: "ಅಂತೂ ಯಾವುದು ಠರಾಯಿಸಿದ್ರಿ?"

"ಬ್ಯಾಲೆನ್ಸ್ಡ್" ಎಂದಳು ಗೋದಾವರಿ.

"ಚಲೋ ಆತು. ಯಾರು ಆರಿಸಿದ್ರು?"

"ಅಜ್ಜಾ ಆರಿಸ್ಯಾನ" ಎಂದಳು ಹುಡುಗಿ, ನಗದೆ. ಸೊಸೆಗೆ ಹುಗ್ಗಿ ನೆತ್ತಿಗೇರಿತು. ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಲ್ಲಪ್ಪ ನನ್ನ ಕಡೆ ಮೆಚ್ಚಿ ತಲೆದೂಗಿದ. ನಾನು, ಇಂಥ ಮಾತಿನಲ್ಲಿ ಮನೆಯ ಹಿರಿಯ ಮಾಡಬೇಕಾದದ್ದನ್ನು ಮಾಡಿದೆ ಎಂಬ ಮುಖ ಹೊತ್ತು, ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.